ಹೊಂಗೆ ಎಣ್ಣೆಯ ಡೀಸೆಲ್‌ಗೆ ಅಮೆರಿಕದ ರಿನ್ ಸಿಗುತ್ತದೆಯೇ?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಜೈವಿಕ ಇಂಧನ ಕಂಪನಿಯೊಂದರಲ್ಲಿ ಪ್ರೋಸೆಸ್ ಎಂಜಿನಿಯರ್. ಹೊಂಗೆ ಎಣ್ಣೆಯನ್ನು ಹೈಡ್ರೋಟ್ರೀಟ್ ಮಾಡಿ (ಹೈಡ್ರೋಜನ್ ಜೊತೆ ಸಂಸ್ಕರಿಸಿ) ಪೆಟ್ರೋಲಿಯಂ ಡೀಸೆಲ್ಲಿನಂಥದ್ದೇ ಆದ ರಿನ್ಯೂಯಬಲ್ ಡೀಸೆಲ್ ತಯಾರಿಸುವ ಯೋಚನೆ ನಮ್ಮ ಕಂಪನಿಗಿದೆ. ಎಣ್ಣೆ ಸ್ವಲ್ಪ ಫ್ಲಾರಿಡಾದ ಹೊಂಗೆ ತೋಪುಗಳಿಂದ, ಉಳಿದದ್ದು ಕರ್ನಾಟಕದಿಂದ ಬರಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯ ಪಟ್ಟಿಯಲ್ಲಿ ಹೊಂಗೆಯ ಹೆಸರಿಲ್ಲ. ರಿನ್ (ಜೈವಿಕ ಇಂಧನಕ್ಕೆ ಸಿಗುವ, ಮಾರಬಹುದಾದ ಗುರುತಿನ ಸಂಖ್ಯೆ) ಪಡೆಯಲು ಏನೇನು ಮಾಡಬೇಕು? ಎಷ್ಟು ಕಾಲ ಹಿಡಿಯುತ್ತದೆ? ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಉತ್ತರ: ಹೆಸರಿಲ್ಲ ಎಂದಮೇಲೆ ಇವತ್ತಿಗೆ ರಿನ್ ಇಲ್ಲ. ಹೊಸ ಪಾತ್‌ವೇಗೆ, ಅಂದರೆ ಇಂಧನ, ಕಚ್ಚಾವಸ್ತು, ವಿಧಾನಗಳ ಹೊಸ ಜೋಡಣೆಗೆ, ಅರ್ಜಿ ಹಾಕಿ, ಒಪ್ಪಿಗೆ ಪಡೆದು, ನೋಂದಣಿ ಮುಗಿಸಿದ ನಂತರ ತಯಾರಾದ ಇಂಧನಕ್ಕೆ ಮಾತ್ರ ಅದು ಸಿಗುತ್ತದೆ. ಅದಕ್ಕೂ ಮುಂಚೆ ಉತ್ಪಾದಿಸಿದ ಗ್ಯಾಲನ್‌ಗಳಿಗೆ ಹಿಂದಿನಿಂದ ಲೆಕ್ಕ ಹಾಕಿಕೊಡುವ ಪದ್ಧತಿ ಇಲ್ಲ. ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ: ಫ್ಲಾರಿಡಾದ ಎಣ್ಣೆ ಮತ್ತು ಕರ್ನಾಟಕದ ಎಣ್ಣೆಯನ್ನು ಒಂದೇ ಅರ್ಜಿಯಲ್ಲಿ ಕಟ್ಟಬೇಡಿ. ಎರಡನೆಯದು ತುಂಬ ಕಷ್ಟದ ದಾರಿ. ಕಷ್ಟ ಇರುವುದು ಹಡಗಿನ ಹೊಗೆಯಲ್ಲಲ್ಲ, ಜಮೀನಿನ ದಾಖಲೆಯಲ್ಲಿ.

ಹಿನ್ನೆಲೆ ಗೊತ್ತಿರದ ಓದುಗರಿಗೆ ನಾಲ್ಕು ಮಾತು. ಅಮೆರಿಕದ ರಿನ್ಯೂಯಬಲ್ ಫ್ಯೂಯಲ್ ಸ್ಟ್ಯಾಂಡರ್ಡ್ 2005ರ ಕಾಯ್ದೆಯಿಂದ ಹುಟ್ಟಿ, 2007ರ ಕಾಯ್ದೆಯಿಂದ ಈಗಿನ ರೂಪ ಪಡೆಯಿತು. ಆ ರೂಪದ ನಿಯಮಗಳು 2010ರ ಜುಲೈ 1ರಿಂದ ಜಾರಿಗೆ ಬಂದವು. ಪೆಟ್ರೋಲ್, ಡೀಸೆಲ್ ತಯಾರಿಸುವ ರಿಫೈನರಿಗಳು ಮತ್ತು ಆಮದುದಾರರು ಪ್ರತಿವರ್ಷ ನಿಗದಿತ ಸಂಖ್ಯೆಯ ರಿನ್‌ಗಳನ್ನು ಇಪಿಎಗೆ ಒಪ್ಪಿಸಬೇಕು. ಜೈವಿಕ ಇಂಧನದ ಪ್ರತಿ ಬ್ಯಾಚಿನ ಜೊತೆ ಹುಟ್ಟುವ, ಆಮೇಲೆ ಬೇರ್ಪಡಿಸಿ ಮಾರಬಹುದಾದ ಗುರುತಿನ ಸಂಖ್ಯೆಯೇ ರಿನ್. ಅದರ ವರ್ಗಗಳು ಹೀಗೆ: ಡಿ3 ಸೆಲ್ಯುಲೋಸಿಕ್ (ಸಸ್ಯದ ನಾರಿನಿಂದ ಮಾಡಿದ) ಇಂಧನಕ್ಕೆ, ಡಿ4 ಜೈವಿಕ ಮೂಲದ ಡೀಸೆಲ್‌ಗೆ, ಡಿ5 ಇತರ ಅಡ್ವಾನ್ಸ್ಡ್ ಇಂಧನಕ್ಕೆ, ಡಿ6 ಮೆಕ್ಕೆಜೋಳದ ಎಥನಾಲ್‌ನಂಥ ಸಾಮಾನ್ಯ ಇಂಧನಕ್ಕೆ. ಡಿ7 ಸೆಲ್ಯುಲೋಸಿಕ್ ಡೀಸೆಲ್‌ಗೆ. ನಿಮಗೆ ಬೇಕಾದದ್ದು ಡಿ4. ಪೆಟ್ರೋಲಿಯಂ ಜೊತೆ ಒಂದೇ ಘಟಕದಲ್ಲಿ ಬೆರೆಸಿ ಸಂಸ್ಕರಿಸಿದರೆ ಅದೇ ಎಣ್ಣೆಗೆ ಡಿ4 ಹೋಗಿ ಡಿ5 ಬರುತ್ತದೆ, ಅದನ್ನು ಘಟಕದ ವಿನ್ಯಾಸದ ಹಂತದಲ್ಲೇ ನೆನಪಿಡಿ.

ಪಟ್ಟಿ ಎಂದು ನೀವು ಹೇಳುತ್ತಿರುವುದು ಅಮೆರಿಕದ ಕೇಂದ್ರ ನಿಯಮಾವಳಿಯ 40 ಸಿಎಫ್‌ಆರ್ 80.1426ರ ಟೇಬಲ್ 1. ಅದರ ಪ್ರತಿ ಸಾಲೂ ಮೂರು ಸಂಗತಿಗಳ ಜೋಡಣೆ: ಯಾವ ಇಂಧನ, ಯಾವ ಕಚ್ಚಾವಸ್ತು, ಯಾವ ವಿಧಾನ. ಮೂರೂ ಒಂದೇ ಸಾಲಿನಲ್ಲಿ ಹೊಂದಬೇಕು. ಸೋಯಾ ಎಣ್ಣೆ, ಕೆನೋಲಾ, ಕ್ಯಾಮೆಲಿನಾ, ಪಾಚಿ ಎಣ್ಣೆ, ಎಥನಾಲ್ ಘಟಕದಿಂದ ಬರುವ ಮೆಕ್ಕೆಜೋಳದ ಎಣ್ಣೆ, ಜೈವಿಕ ತ್ಯಾಜ್ಯ ಎಣ್ಣೆ ಮತ್ತು ಕೊಬ್ಬು ಅಲ್ಲಿವೆ. ವಾರ್ಷಿಕ ಕವರ್ ಬೆಳೆಗಳ (ಮುಖ್ಯ ಬೆಳೆಗಳ ನಡುವೆ ನೆಲ ಮುಚ್ಚಲು ಬೆಳೆಯುವವು) ಎಣ್ಣೆ ಎಂಬ ಸಾಲೂ ಇದೆ, ಆದರೆ ಹೊಂಗೆ ದಶಕಗಟ್ಟಲೆ ನಿಲ್ಲುವ ಮರ, ಅದರೊಳಗೆ ನುಸುಳಲಾರದು. ‘ಹಳೆಯ ಹೊಂಗೆ ಎಣ್ಣೆ, ಆಮ್ಲೀಯತೆ ಏರಿದೆ, ತಿನ್ನಲು ಬರುವುದಿಲ್ಲ, ಹಾಗಾಗಿ ತ್ಯಾಜ್ಯ ಎಣ್ಣೆ’ ಎಂಬ ಜಾಣತನದ ವಾದವನ್ನು ಯಾರಾದರೂ ನಿಮ್ಮ ಮೀಟಿಂಗಿನಲ್ಲಿ ಮಂಡಿಸಿಯೇ ಮಂಡಿಸುತ್ತಾರೆ. ಇಂಧನಕ್ಕೆಂದೇ ಹಿಂಡಿದ ಎಣ್ಣೆ ಹಳಸಿದರೂ ತ್ಯಾಜ್ಯವಾಗುವುದಿಲ್ಲ. ಆ ಲೆಕ್ಕದಲ್ಲಿ ಹುಟ್ಟಿಸಿದ ರಿನ್ ಅಸಿಂಧು. ಕೊಂಡವರು, ಮಾರಿದವರು ಇಬ್ಬರೂ ಸಿಕ್ಕಿಬೀಳುತ್ತಾರೆ.

ಇನ್ನು ಮುಖ್ಯ ವಿಷಯ. ಇಂಗಾಲದ ಲೆಕ್ಕಕ್ಕೂ ಮೊದಲು ಇಪಿಎ ಕೇಳುವುದು: ಇದು ಕಾಯ್ದೆಯ ಅರ್ಥದಲ್ಲಿ ‘ನವೀಕರಿಸಬಹುದಾದ ಜೀವರಾಶಿ’ಯೇ? ಬೆಳೆ ಬಂದ ಜಮೀನು 2007ರ ಡಿಸೆಂಬರ್ 19ಕ್ಕೂ ಮೊದಲೇ ಸಾಗುವಳಿಯಾಗಿದ್ದೋ ಕಾಡು ತೆರವಾಗಿದ್ದೋ ಇರಬೇಕು, ಆ ದಿನ ಕೃಷಿಯಲ್ಲಿ ಅಥವಾ ಬೀಳಿನಲ್ಲಿ ಇದ್ದಿರಬೇಕು, ಅರಣ್ಯವಾಗಿರಬಾರದು. ಅಮೆರಿಕದೊಳಗಿನ ಬೆಳೆಗಳಿಗೆ ಇಪಿಎ ಒಟ್ಟು ಕೃಷಿಭೂಮಿಯ ಲೆಕ್ಕವನ್ನೇ ನೋಡುತ್ತದೆ. 2007ರಲ್ಲಿದ್ದ 40.2 ಕೋಟಿ ಎಕರೆಯನ್ನು ಮೀರದಿರುವವರೆಗೆ ಒಬ್ಬೊಬ್ಬ ರೈತನ ದಾಖಲೆ ಬೇಡ. ಕೆನಡಾಕ್ಕೂ ಇಂಥ ಸೌಲಭ್ಯ ಸಿಕ್ಕಿದೆ. ಭಾರತಕ್ಕೆ ಇಲ್ಲ.

ಫ್ಲಾರಿಡಾದ ವಿಷಯದಲ್ಲಿ ಜಮೀನಿನ ಕಥೆ ಚೆನ್ನಾಗಿದೆ. ಗ್ರೀನಿಂಗ್ ರೋಗದಿಂದ ಹಾಳಾದ ಕಿತ್ತಳೆ ತೋಟಗಳಲ್ಲಿ ಅಲ್ಲಿ ಹೊಂಗೆ ನೆಟ್ಟಿದ್ದಾರೆ, ತೋಟಗಾರಿಕೆ ಜಮೀನು ನಿಯಮದ ಅರ್ಥದಲ್ಲಿ ಕೃಷಿಭೂಮಿಯೇ. ತೊಡಕು ಬೇರೆ ಕಡೆ ಇದೆ. ನಿಯಮದಲ್ಲಿ ‘ನೆಟ್ಟ ಬೆಳೆ’ಯ ವ್ಯಾಖ್ಯೆ ವಾರ್ಷಿಕ, ಬಹುವಾರ್ಷಿಕ ಬೆಳೆಗಳೆರಡನ್ನೂ ಒಳಗೊಳ್ಳುತ್ತದೆ, ಎಣ್ಣೆಕಾಳುಗಳ ಹೆಸರನ್ನೂ ಹೇಳುತ್ತದೆ, ಆದರೆ ‘ನೆಟ್ಟ ಮರ’ಗಳನ್ನು ಹೊರಗಿಡುತ್ತದೆ. ನೆಟ್ಟ ಮರಗಳಿಗೆ ಬೇರೆಯೇ ವರ್ಗ: ಕನಿಷ್ಠ ಒಂದು ಎಕರೆಯ ನೆಡುತೋಪು, 2007ರ ಡಿಸೆಂಬರ್ 19ಕ್ಕೆ ಮುಂಚೆಯೇ ತೆರವಾಗಿ ಆ ದಿನ ನಿರ್ವಹಣೆಯಲ್ಲಿದ್ದದ್ದು. ನೀವು ಕಡಿಯುವುದು ಮರವನ್ನಲ್ಲ, ಕೊಯ್ಯುವುದು ಕಾಯಿಯನ್ನು. ಹಾಗಾಗಿ ಇದು ಬಹುವಾರ್ಷಿಕ ಎಣ್ಣೆಕಾಳಿನ ಬೆಳೆ ಎಂಬ ವಾದವನ್ನು ಅರ್ಜಿಯ ಮೊದಲ ಅಧ್ಯಾಯದಲ್ಲೇ, ವಕೀಲರ ಕೈಯಲ್ಲಿ ಬರೆಸಿ ಇಡಿ. ಅದು ನಿಂತರೆ ಒಟ್ಟು ಕೃಷಿಭೂಮಿಯ ಸೌಲಭ್ಯ ತಾನಾಗಿ ಸಿಗುತ್ತದೆ. ನಿಲ್ಲದಿದ್ದರೆ ಪ್ರತಿ ತೋಪಿನ ದಾಖಲೆ ಬೇಕು. ಅದಲ್ಲದೆ, ಹೊರಗಿನಿಂದ ತಂದ ಮರ ಕಳೆಯಂತೆ ಹರಡುತ್ತದೆಯೇ ಎಂಬ ಪ್ರಶ್ನೆಯೂ ಬರುತ್ತದೆ. 2013ರಲ್ಲಿ ನೇಪಿಯರ್ ಹುಲ್ಲು ಮತ್ತು ಜೈಂಟ್ ರೀಡ್‌ಗೆ ಒಪ್ಪಿಗೆ ಕೊಡುವಾಗ ಇಪಿಎ ಹರಡುವಿಕೆ ತಡೆಯುವ ಯೋಜನೆಯನ್ನು ಷರತ್ತಾಗಿ ಹಾಕಿತು. ನಮ್ಮೂರಿನ ಬದುವಿನ ನೇಪಿಯರ್ ಅಲ್ಲಿ ಅಪಾಯದ ಗಿಡ! ಹೊಂಗೆಗೂ ಅಂಥದೊಂದು ಯೋಜನೆಯನ್ನು ಕೇಳುವ ಮೊದಲೇ ಬರೆದು ಲಗತ್ತಿಸಿ.

ಕರ್ನಾಟಕದ ಎಣ್ಣೆಗೆ ಬನ್ನಿ. ಇಲ್ಲಿ ಹೊಂಗೆ ಬೀಜ ಬರುವುದು ಹೊಲದ ಬದು, ರಸ್ತೆಬದಿ, ಕೆರೆ ಏರಿ, ಗೋಮಾಳ ಮತ್ತು ಕಾಡಂಚಿನಿಂದ. ಹಳ್ಳಿಯವರು ಆರಿಸಿ ತಂದು ಮಾರುತ್ತಾರೆ, ವ್ಯಾಪಾರಿಯ ಗೋದಾಮಿನಲ್ಲಿ ಎಲ್ಲವೂ ಒಂದೇ ರಾಶಿ. ರಾಶಿಯಾದ ಕ್ಷಣವೇ ರಿನ್ ದೃಷ್ಟಿಯಿಂದ ಆ ಬೀಜ ಸತ್ತಿತು, ಏಕೆಂದರೆ ವಿದೇಶದ ಬೀಜಕ್ಕೆ ಕೊಯ್ದ ಜಮೀನಿನ ಗಡಿ ತೋರಿಸುವ ನಕ್ಷೆ, ಅಲ್ಲಿಂದ ಘಟಕದವರೆಗೆ ಕೈಬದಲಾವಣೆಯ ಪತ್ರಗಳು, 2007ಕ್ಕೂ ಮೊದಲು ಆ ಜಮೀನು ಸಾಗುವಳಿಯಲ್ಲಿತ್ತು ಎಂಬುದಕ್ಕೆ ಪುರಾವೆ ಬೇಕು. ಬದುವಿನ ಮರಗಳನ್ನಾದರೂ ಉಳಿಸಿಕೊಳ್ಳಬಹುದು: ಸರ್ವೆ ನಂಬರಿನ ನಕ್ಷೆ, 2007-08ರ ಸಾಲಿನ ಪಹಣಿಯ ಬೆಳೆ ಕಾಲಂ, ಬೆಳೆ ಮಾರಿದ ರಸೀದಿ, ಗೊಬ್ಬರ ಕೊಂಡ ರಸೀದಿ, ಎಲ್ಲದರ ಇಂಗ್ಲಿಷ್ ಅನುವಾದ. ರಸ್ತೆಬದಿಯದು, ಕಾಡಿನದು ಯಾವ ವರ್ಗಕ್ಕೂ ಸೇರುವುದಿಲ್ಲ. 2009ರ ರಾಜ್ಯ ಜೈವಿಕ ಇಂಧನ ನೀತಿಯ ನಂತರ ಪಾಳುಭೂಮಿಯಲ್ಲಿ ನೆಟ್ಟ ಮರಗಳದ್ದು ಇನ್ನೂ ವಿಚಿತ್ರ ಸ್ಥಿತಿ. ಪರಿಸರದ ಲೆಕ್ಕದಲ್ಲಿ ಅವು ಎಲ್ಲಕ್ಕಿಂತ ಒಳ್ಳೆಯವು, ಆದರೆ ಜಮೀನು ಹಿಂದೆ ಸಾಗುವಳಿಯಲ್ಲಿರಲಿಲ್ಲ ಎಂಬ ಕಾರಣಕ್ಕೇ ನಿಯಮದ ಹೊರಗೆ ಬೀಳುತ್ತವೆ. ದೊಡ್ಡ ಪ್ರಮಾಣದಲ್ಲಿ ಇದನ್ನು ಬಗೆಹರಿಸಿದ ಉದಾಹರಣೆ ಅರ್ಜೆಂಟೀನಾದ ಸೋಯಾ ಬಯೋಡೀಸೆಲ್ (ಎಣ್ಣೆಯನ್ನು ಹೈಡ್ರೋಜನ್ ಬದಲು ಆಲ್ಕೊಹಾಲ್ ಜೊತೆ ಸಂಸ್ಕರಿಸಿ ಮಾಡುವ ಇಂಧನ). ಅಲ್ಲಿನ ಉತ್ಪಾದಕರ ಸಂಘ ಕಾರ್ಬಿಯೋ ಜಮೀನುಗಳನ್ನು ಮೊದಲೇ ಗುರುತಿಸಿ ಬೀಜವನ್ನು ಹಿಂಬಾಲಿಸುವ ಯೋಜನೆ ರೂಪಿಸಿ 2015ರಲ್ಲಿ ಇಪಿಎ ಒಪ್ಪಿಗೆ ಪಡೆಯಿತು. ಅದು ಏಕರೂಪದ ದೊಡ್ಡ ಹೊಲಗಳ, ಹಡಗುಗಟ್ಟಲೆ ವ್ಯಾಪಾರದ ದೇಶ. ಎರಡು ಚೀಲ ಬೀಜ ಆರಿಸಿ ತರುವವರ ಸರಪಳಿಗೆ ಅಷ್ಟು ಖರ್ಚು ಹುಟ್ಟುವುದಿಲ್ಲ.

ಅದರ ಮೇಲೆ ಇನ್ನೆರಡು ಪೆಟ್ಟು. 45ಝಡ್ ಎಂಬ ಸ್ವಚ್ಛ ಇಂಧನ ತೆರಿಗೆ ರಿಯಾಯಿತಿ, 2025ರ ಜುಲೈನ ತಿದ್ದುಪಡಿಯಿಂದಾಗಿ, 2026ರಿಂದ ಅಮೆರಿಕ, ಕೆನಡಾ, ಮೆಕ್ಸಿಕೋದ ಕಚ್ಚಾವಸ್ತುವಿಗೆ ಮಾತ್ರ. ಇಪಿಎ ಕೂಡ 2025ರ ಜೂನ್‌ನಲ್ಲಿ, ಆಮದು ಇಂಧನಕ್ಕೂ ವಿದೇಶಿ ಕಚ್ಚಾವಸ್ತುವಿನ ಇಂಧನಕ್ಕೂ ರಿನ್ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ಪ್ರಸ್ತಾವ ಮುಂದಿಟ್ಟಿತು. ಎಣ್ಣೆ ಖರೀದಿಯ ಒಪ್ಪಂದಕ್ಕೆ ಸಹಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ನೋಡಿ, ‘ಅರ್ಧ ರಿನ್’ ದರದಲ್ಲೂ ಗಿಟ್ಟುತ್ತದೆಯೇ ಎಂದು ಲೆಕ್ಕ ಹಾಕಿ. ನನ್ನ ಅಭಿಪ್ರಾಯದಲ್ಲಿ ಕರ್ನಾಟಕದ ಹೊಂಗೆ ಎಣ್ಣೆ ಕರ್ನಾಟಕದಲ್ಲೇ ಡೀಸೆಲ್ ಆಗುವುದು ಲೇಸು.

ಈಗ ಇಂಗಾಲದ ಲೆಕ್ಕ. ಡಿ4ಗೆ 2005ರ ಡೀಸೆಲ್‌ಗಿಂತ ಕನಿಷ್ಠ ಶೇ 50 ಕಡಿಮೆ ಹೊರಸೂಸುವಿಕೆ ಬೇಕು. ಡಿ6ಗೆ ಶೇ 20, ಡಿ3ಗೆ ಶೇ 60. ಇದು ಪಾಸು-ಫೇಲಿನ ಪರೀಕ್ಷೆ, ರ‍್ಯಾಂಕ್ ಇಲ್ಲ. ಶೇ 51 ಬಂದವರಿಗೂ ಶೇ 85 ಬಂದವರಿಗೂ ಅದೇ ರಿನ್. ಕ್ಯಾಲಿಫೋರ್ನಿಯಾ ರಾಜ್ಯದ ಕಡಿಮೆ ಇಂಗಾಲದ ಇಂಧನ ನಿಯಮವಾದ ಎಲ್‌ಸಿಎಫ್‌ಎಸ್‌ನಲ್ಲಿ ಪ್ರತಿ ಗ್ರಾಂ ಇಳಿಕೆಗೂ ಬೆಲೆ ಇದೆ, ಅದರ ಅರ್ಜಿಯೂ ಬೇರೆ, ಮಾದರಿಯೂ ಬೇರೆ. ಎರಡರ ಅಂಕಿಗಳನ್ನು ಅದಲುಬದಲು ಮಾಡಿದರೆ ಎರಡೂ ಕೆಡುತ್ತವೆ.

2005ರ ಡೀಸೆಲ್‌ನ ಮೂಲರೇಖೆ ಹತ್ತು ಲಕ್ಷ ಬಿಟಿಯುಗೆ (ಬಿಟಿಯು ಶಕ್ತಿಯ ಒಂದು ಅಳತೆ) ಸುಮಾರು 97 ಕೆಜಿ ಇಂಗಾಲದ ಡೈಆಕ್ಸೈಡ್ ಸಮಾನ. ಅಂದರೆ ನಿಮ್ಮ ಕೈಯಲ್ಲಿರುವ ಬಜೆಟ್ 48.5 ಕೆಜಿ. ಇದರೊಳಗೆ ತೋಟದ ಗೊಬ್ಬರ, ಡೀಸೆಲ್, ಒಣಗಿಸುವಿಕೆ, ಎಣ್ಣೆ ತೆಗೆಯುವುದು, ಸಾಗಣೆ, ಹೈಡ್ರೋಜನ್, ಕರೆಂಟು, ವಿತರಣೆ, ಜೊತೆಗೆ ಭೂಬಳಕೆಯ ಪರೋಕ್ಷ ಬದಲಾವಣೆ (ಈ ಬೆಳೆಯಿಂದಾಗಿ ಬೇರೆಡೆ ಹೊಸ ನೆಲ ಸಾಗುವಳಿಗೆ ಬರುವುದು), ಎಲ್ಲವೂ ಹಿಡಿಸಬೇಕು. 2010ರ ವಿಶ್ಲೇಷಣೆಯಲ್ಲಿ ಸೋಯಾ ಬಯೋಡೀಸೆಲ್‌ಗೆ ಶೇ 57, ತ್ಯಾಜ್ಯ ಕೊಬ್ಬಿನದಕ್ಕೆ ಶೇ 86 ಇಳಿಕೆ ಬಂತು. 2012ರ ಜನವರಿಯಲ್ಲಿ ಪ್ರಕಟವಾದ ತಾಳೆ ಎಣ್ಣೆಯ ವಿಶ್ಲೇಷಣೆಯಲ್ಲಿ ಬಯೋಡೀಸೆಲ್‌ಗೆ ಶೇ 17, ರಿನ್ಯೂಯಬಲ್ ಡೀಸೆಲ್‌ಗೆ ಶೇ 11 ಮಾತ್ರ. ಡಿ6ರ ಗೆರೆಯನ್ನೂ ಅದು ಮುಟ್ಟಲಿಲ್ಲ. ಎಕರೆಗೆ ಅಷ್ಟೊಂದು ಎಣ್ಣೆ ಕೊಡುವ ಬೆಳೆ ಸೋತದ್ದು ಘಟಕದಲ್ಲಲ್ಲ. ಇಂಡೋನೇಷ್ಯಾ, ಮಲೇಷ್ಯಾಗಳ ಪೀಟ್ ನೆಲ (ಅರೆಕೊಳೆತ ಸಸ್ಯಗಳಿಂದಾದ, ಇಂಗಾಲ ತುಂಬಿದ ಜೌಗು) ಬಸಿದು ತೋಟ ಮಾಡುವುದು ಮತ್ತು ಗಿರಣಿಯ ಕೊಳಚೆಯಿಂದ ಏಳುವ ಮೀಥೇನ್ ಅದನ್ನು ಸೋಲಿಸಿದವು. ಇಳುವರಿಯ ಅಂಕಿ ತೋರಿಸಿ ಇಪಿಎಯನ್ನು ಒಪ್ಪಿಸಬಹುದು ಎಂದುಕೊಂಡವರು ಆ ದಾಖಲೆ ಓದಬೇಕು.

ಹೈಡ್ರೋಜನ್ನಿನ ಪಾಲನ್ನು ಒಮ್ಮೆ ಕೈಲೆಕ್ಕ ಹಾಕೋಣ. ಹೊಂಗೆಯಲ್ಲಿ ಒಲಿಯಿಕ್ ಆಮ್ಲ ಹೆಚ್ಚು. ಶುದ್ಧ ಒಲಿಯಿಕ್ ಟ್ರೈಗ್ಲಿಸರೈಡ್ ಎಂದುಕೊಂಡರೆ 1,000 ಕೆಜಿ ಎಣ್ಣೆಗೆ 34 ಕೆಜಿ ಹೈಡ್ರೋಜನ್ ಬೇಕು. ಹೊರಬರುವುದು 862 ಕೆಜಿ ಪ್ಯಾರಾಫಿನ್, 50 ಕೆಜಿ ಪ್ರೊಪೇನ್, 122 ಕೆಜಿ ನೀರು. ಎರಡೂ ಕಡೆ 1,034. ಚಳಿಯಲ್ಲಿ ಗಟ್ಟಿಯಾಗದಂತೆ ಅಣುಗಳ ರಚನೆ ಬದಲಿಸುವ ಐಸೊಮರೀಕರಣದಲ್ಲಿ ಸ್ವಲ್ಪ ಭಾಗ ನಾಫ್ತಾ (ಹಗುರ ಇಂಧನ) ಆಗಿ ಹೋಗಿ ಡೀಸೆಲ್ 830 ಕೆಜಿ ಉಳಿಯಿತು ಎನ್ನಿ. ಕೆಜಿಗೆ 44 ಮೆಗಾಜೂಲ್ ಹಿಡಿದರೆ ಅದು ಸುಮಾರು 3.46 ಕೋಟಿ ಬಿಟಿಯು. ಹೈಡ್ರೋಜನ್ ನೈಸರ್ಗಿಕ ಅನಿಲದಿಂದ ಬಂದರೆ ಕೆಜಿಗೆ ಸರಿಸುಮಾರು 10 ಕೆಜಿ ಹೊರಸೂಸುವಿಕೆ, ಅಂದರೆ 340 ಕೆಜಿ. ಹಂಚಿದರೆ ಹತ್ತು ಲಕ್ಷ ಬಿಟಿಯುಗೆ ಹತ್ತಿರಹತ್ತಿರ 10 ಕೆಜಿ. ನಿಮ್ಮ 48.5ರಲ್ಲಿ ಐದನೇ ಒಂದು ಭಾಗ ಒಂದೇ ಪೈಪಿನಲ್ಲಿ ಹೋಯಿತು. ಸ್ವಂತ ಪ್ರೊಪೇನನ್ನೇ ಹೈಡ್ರೋಜನ್ ತಯಾರಿಸುವ ರಿಫಾರ್ಮರ್‌ಗೆ ಕಳಿಸಿದರೆ ಇದು ಗಣನೀಯವಾಗಿ ಇಳಿಯುತ್ತದೆ. ಹಾಗೆ ಮಾಡುವುದಾದರೆ ಪ್ರೊಪೇನನ್ನು ಮಾರಾಟದ ಉಪೋತ್ಪನ್ನ ಎಂದೂ ತೋರಿಸುವಂತಿಲ್ಲ. ಒಂದೇ ಕಿಲೋವನ್ನು ಎರಡು ಕಡೆ ಎಣಿಸಿದ ಅರ್ಜಿಗಳು ಅಲ್ಲೇ ನಿಲ್ಲುತ್ತವೆ.

ಅರ್ಜಿ 80.1416ನೇ ವಿಧಿಯಡಿ. ಮೊದಲು ಇಪಿಎಯ ಪಾತ್‌ವೇ ಸ್ಕ್ರೀನಿಂಗ್ ಟೂಲ್ ತುಂಬಿ, ನಿಜಕ್ಕೂ ಹೊಸ ಅರ್ಜಿ ಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ಬೇಕಾದದ್ದು: ಇಂಧನ, ಕಚ್ಚಾವಸ್ತು, ವಿಧಾನದ ವಿವರ, ಪೂರ್ತಿ ಮಾಸ್ ಬ್ಯಾಲೆನ್ಸ್ (ಒಳಹೋದ, ಹೊರಬಂದ ತೂಕಗಳ ತಾಳೆ), ಶಕ್ತಿಯ ಬ್ಯಾಲೆನ್ಸ್, ಪ್ರತಿ ಶಕ್ತಿಯ ಮೂಲದೊಂದಿಗೆ, ಪ್ರತಿ ಉಪೋತ್ಪನ್ನದ ಬಳಕೆ ಮತ್ತು ಮಾರುಕಟ್ಟೆ ಬೆಲೆ. ಕಚ್ಚಾವಸ್ತುವೇ ಹೊಸದಾದ್ದರಿಂದ ನಿಮಗೆ ಇನ್ನೂ ಇಷ್ಟು: ಅದರ ಮಾರುಕಟ್ಟೆ ಬೆಲೆ, ಈಗಿನ ಇತರ ಬಳಕೆಗಳು, ಬೆಳೆಯಲು ಬೇಕಾದ ರಾಸಾಯನಿಕಗಳು, ಬೆಳೆದು ತರಲು ತಗಲುವ ಶಕ್ತಿ, ಈಗಿನ ಮತ್ತು ಮುಂದಿನ ಇಳುವರಿ. ಕೊನೆಗೆ ಕಂಪನಿಯ ಜವಾಬ್ದಾರಿಯುತ ಅಧಿಕಾರಿಯ ಸಹಿ. ಗೋಪ್ಯ ಮಾಹಿತಿ ಇದ್ದರೆ ಅದನ್ನು ಮರೆಮಾಡಿದ ಸಾರ್ವಜನಿಕ ಪ್ರತಿಯನ್ನೂ ಜೊತೆಗೇ ಕೊಡಿ.

ಮಾಸ್ ಬ್ಯಾಲೆನ್ಸ್ ಕೂಡದಿರುವುದು ಅತಿ ಸಾಮಾನ್ಯ ತಪ್ಪು. ನೀರನ್ನೋ ಆಫ್-ಗ್ಯಾಸನ್ನೋ ಬಿಟ್ಟಿರುತ್ತಾರೆ. ಶಕ್ತಿಯ ಲೆಕ್ಕದಲ್ಲಿ ಎಡವುವುದು ಉಷ್ಣಮೌಲ್ಯದಲ್ಲಿ: ಗ್ಯಾಸ್ ಬಿಲ್ ಹೈಯರ್ ಹೀಟಿಂಗ್ ವ್ಯಾಲ್ಯೂನಲ್ಲಿ (ಉರಿದಾಗ ಆಗುವ ಆವಿಯ ಶಾಖವನ್ನೂ ಸೇರಿಸಿದ ಮೌಲ್ಯ) ಬರುತ್ತದೆ, ಇಪಿಎ ಲೆಕ್ಕ ಲೋಯರ್‌ನಲ್ಲಿ ನಡೆಯುತ್ತದೆ, ನೈಸರ್ಗಿಕ ಅನಿಲಕ್ಕೆ ಇವೆರಡರ ಅಂತರ ಶೇ 10ರಷ್ಟು. ಗ್ಯಾಲನ್ ಎಂದರೆ 60 ಡಿಗ್ರಿ ಫ್ಯಾರನ್‌ಹೀಟ್‌ಗೆ ಸರಿಪಡಿಸಿದ ಗ್ಯಾಲನ್. ಬೀಜದ ತೂಕ ಹಸಿಯದ್ದೋ ಒಣಗಿದ್ದೋ, ಸಿಪ್ಪೆಸಹಿತವೋ ತಿರುಳು ಮಾತ್ರವೋ ಎಂದು ಪ್ರತಿ ಸಾಲಿನಲ್ಲೂ ಬರೆಯಿರಿ, ಏಕೆಂದರೆ ಹೊಂಗೆಯಲ್ಲಿ ಕಾಯಿಯ ತೂಕಕ್ಕೂ ಬೀಜದ ತೂಕಕ್ಕೂ ಅಜಗಜಾಂತರ.

ಹೊಂಗೆಗೇ ವಿಶೇಷವಾದ ಎರಡು ವಿಷಯ. ಒಂದು, ಹಿಂಡಿ. ಸೋಯಾಕ್ಕೆ ಅದರ ಹಿಂಡಿ ದೊಡ್ಡ ಬಲ, ಪಶು ಆಹಾರದ ಮಾರುಕಟ್ಟೆಯಲ್ಲಿ ಬೇರೆ ಬೆಳೆಯ ಜಾಗ ತುಂಬುತ್ತದೆ. ಹೊಂಗೆ ಹಿಂಡಿಯಲ್ಲಿ ಕರಂಜಿನ್, ಪೊಂಗಮಾಲ್ ಇರುವುದರಿಂದ ದನ ಮೂಸಿ ಬಿಡುತ್ತವೆ. ನಮ್ಮಲ್ಲಿ ಅದು ಅಡಿಕೆ, ತೆಂಗಿನ ಬುಡಕ್ಕೆ ಗೊಬ್ಬರ. ಗೊಬ್ಬರ ಎಂದು ತೋರಿಸಿದರೆ ಸುಮಾರು ಶೇ 4ರ ಸಾರಜನಕದಷ್ಟೇ ರಿಯಾಯಿತಿ. ವಿಷ ತೆಗೆದು ಪಶು ಆಹಾರ ಮಾಡುತ್ತೇವೆ ಎನ್ನುವುದಾದರೆ ಆ ಘಟಕದ ಶಕ್ತಿ, ದ್ರಾವಕದ ಖರ್ಚು, ಕೊಳ್ಳುವವರ ಪತ್ರ ಎಲ್ಲವೂ ಬೇಕು. ಎರಡು, ಇಳುವರಿ. ಗಿಡ ನೆಟ್ಟ ಮೊದಲ ನಾಲ್ಕೈದು ವರ್ಷ ಬೀಜವಿಲ್ಲ, ಆಮೇಲೂ ಮರದಿಂದ ಮರಕ್ಕೆ ವ್ಯತ್ಯಾಸ ವಿಪರೀತ. ಬೀಜದಿಂದ ಬೆಳೆದ ತೋಪಿಗೂ ಕಸಿ ಮಾಡಿದ ತೋಪಿಗೂ ಒಂದೇ ಅಂಕಿ ಕೊಡಬೇಡಿ. ಇಪಿಎ ಭೂಬಳಕೆಯನ್ನು 30 ವರ್ಷಗಳ ಮೇಲೆ ಹರಡಿ ನೋಡುತ್ತದೆ. ನಿಮ್ಮ ಸರಾಸರಿಯೂ ಬರಡು ವರ್ಷಗಳನ್ನು ಸೇರಿಸಿಕೊಂಡಿರಬೇಕು, ತೂಕ ಮಾಡಿದ ಕೊಯ್ಲುಗಳ ಮೇಲೆ ನಿಂತಿರಬೇಕು.

ಎಷ್ಟು ಕಾಲ? ಕಚ್ಚಾವಸ್ತುವನ್ನು ಇಪಿಎ ಮೊದಲೇ ವಿಶ್ಲೇಷಿಸಿದ್ದು, ಘಟಕದ ವಿಧಾನ ಮಾತ್ರ ಹೊಸದಾದರೆ ಬೇಗ ಆಗುತ್ತದೆ. 2014ರಿಂದ ಎಥನಾಲ್ ಘಟಕಗಳಿಗೆ ನಡೆಸಿದ ತ್ವರಿತ ಅರ್ಜಿ ವ್ಯವಸ್ಥೆ ಹಾಗೆ ಹಲವಾರು ಘಟಕಗಳನ್ನು ದಾಟಿಸಿತು. ಹೊಸ ಕಚ್ಚಾವಸ್ತುವಿನದು ಬೇರೆ ಜಾತಿ: ಕೃಷಿ ಮಾದರಿಗಳನ್ನು ಓಡಿಸಿ, ವಿಶ್ಲೇಷಣೆ ಪ್ರಕಟಿಸಿ, ಸಾರ್ವಜನಿಕ ಅಭಿಪ್ರಾಯ ಕೇಳಬೇಕಾಗಬಹುದು. ಕೆನೋಲಾ ಬಯೋಡೀಸೆಲ್‌ಗೆ 2010ರಲ್ಲೇ ಒಪ್ಪಿಗೆ ಇತ್ತು. ಅದೇ ಎಣ್ಣೆಯ ರಿನ್ಯೂಯಬಲ್ ಡೀಸೆಲ್‌ಗೆ 2020ರ ಮಾರ್ಚ್‌ನಲ್ಲಿ ಹೋದ ಅರ್ಜಿಗೆ ಅಂತಿಮ ನಿಯಮ ಬಂದದ್ದು 2022ರ ಡಿಸೆಂಬರ್‌ನಲ್ಲಿ. ನಿಮಗೆ ಹತ್ತಿರದ ಪೂರ್ವನಿದರ್ಶನ ಜಟ್ರೋಫಾ (ಕಾಡುಹರಳು). ಮೆಕ್ಸಿಕೋದಲ್ಲಿ ಬೆಳೆದ ಜಟ್ರೋಫಾ ಎಣ್ಣೆಯ ಹೊರಸೂಸುವಿಕೆಯ ವಿಶ್ಲೇಷಣೆಯನ್ನು ಇಪಿಎ 2015ರ ಅಕ್ಟೋಬರ್‌ನಲ್ಲಿ ಅಭಿಪ್ರಾಯಕ್ಕೆ ಬಿಟ್ಟಿತ್ತು. ಬಹುವಾರ್ಷಿಕ, ವಿಷಯುಕ್ತ ಹಿಂಡಿ, ಎರಡೂ ಹೋಲುತ್ತವೆ. ನಿಮ್ಮ ಅರ್ಜಿಯ ಶೀರ್ಷಿಕೆಗಳನ್ನು ಆ ದಾಖಲೆಯ ಕ್ರಮದಲ್ಲೇ ಜೋಡಿಸಿ, ಪರಿಶೀಲಿಸುವವರ ಕೆಲಸ ಹಗುರವಾಗುತ್ತದೆ.

ಒಪ್ಪಿಗೆಯ ನಂತರ ನೋಂದಣಿ. ಇಂಧನವು ಅದೇ ನಿಯಮಾವಳಿಯ ಭಾಗ 79ರಡಿ ನೋಂದಾಯಿತವಾಗಿರಬೇಕು, ಸ್ವತಂತ್ರ ಪರವಾನಗಿ ಎಂಜಿನಿಯರ್ ಘಟಕಕ್ಕೇ ಬಂದು ನೋಡಿ ವರದಿ ಕೊಡಬೇಕು, ರಿನ್ ಹುಟ್ಟಿಸುವುದಕ್ಕೆ ಕನಿಷ್ಠ 60 ದಿನ ಮೊದಲು ಕಾಗದ ಸಲ್ಲಿಸಬೇಕು. ಎಂಜಿನಿಯರಿಂಗ್ ವರದಿ ಮೂರು ವರ್ಷಕ್ಕೊಮ್ಮೆ ಹೊಸದಾಗಬೇಕು. ಗ್ಯಾಲನ್‌ಗೆ ಎಷ್ಟು ರಿನ್ ಎಂಬುದು ಸಮಾನತಾ ಮೌಲ್ಯದಿಂದ ನಿರ್ಧಾರವಾಗುತ್ತದೆ: ಎಥನಾಲ್ 1.0, ಬಯೋಡೀಸೆಲ್ 1.5, ರಿನ್ಯೂಯಬಲ್ ಡೀಸೆಲ್ 1.7. ಈ 1.7 ಪಡೆಯಲು ಗ್ಯಾಲನ್‌ಗೆ ಕನಿಷ್ಠ 1,23,500 ಬಿಟಿಯು ಇರಬೇಕು. ಆ ಸಂಖ್ಯೆಯನ್ನು ನಿಯಮದ ಸೂತ್ರದಲ್ಲಿ ಎಥನಾಲ್ ಆಧಾರಿತ ಸಂಖ್ಯೆಗಳಾದ 77,000ದಿಂದ, ಆಮೇಲೆ 0.972ರಿಂದ ಭಾಗಿಸಿ ನೋಡಿ, 1.65 ಬರುತ್ತದೆ, ಒಂದು ದಶಮಾಂಶ ಸ್ಥಾನಕ್ಕೆ ಏರಿಸಿದರೆ 1.7. ಐಸೊಮರೀಕರಣ ಅತಿಯಾಗಿ ಇಂಧನ ಹಗುರವಾದರೆ ಗೆರೆಯಿಂದ ಕೆಳಗೆ ಜಾರಬಹುದು, ಹಾಗಾಗಿ ಪೈಲಟ್ ಘಟಕದ ಮಾದರಿಯನ್ನು ಮೊದಲೇ ಪರೀಕ್ಷಿಸಿ. ಕೋಟಿ ಗ್ಯಾಲನ್ನಿನ ಘಟಕದಲ್ಲಿ 0.1 ಎಂದರೆ ಹತ್ತು ಲಕ್ಷ ರಿನ್. ನಾಫ್ತಾ, ಪ್ರೊಪೇನ್‌ಗೂ ರಿನ್ ಬೇಕೆಂದರೆ ಅವನ್ನೂ ಅರ್ಜಿಯಲ್ಲೇ ಹೆಸರಿಸಿ, ಸಮಾನತಾ ಮೌಲ್ಯಕ್ಕೆ ಪ್ರತ್ಯೇಕ ಮನವಿ ಕೊಡಿ. ಡೀಸೆಲ್‌ನ ಒಪ್ಪಿಗೆ ಅವಕ್ಕೆ ಅನ್ವಯಿಸುವುದಿಲ್ಲ.

ದಿನನಿತ್ಯದ ವ್ಯವಹಾರವೆಲ್ಲ ಇಎಂಟಿಎಸ್ ಎಂಬ ಇಪಿಎ ವ್ಯವಸ್ಥೆಯಲ್ಲಿ. ಹುಟ್ಟಿದ ರಿನ್ ಐದು ಕೆಲಸದ ದಿನಗಳೊಳಗೆ ದಾಖಲಾಗಬೇಕು, ಕಾಗದಗಳನ್ನು ಐದು ವರ್ಷ ಕಾಪಾಡಬೇಕು. ಮೇರಿಲ್ಯಾಂಡ್‌ನ ಕ್ಲೀನ್ ಗ್ರೀನ್ ಫ್ಯೂಯಲ್ ಪ್ರಕರಣದಲ್ಲಿ ಒಂದು ಗ್ಯಾಲನ್ನೂ ತಯಾರಿಸದೆ 3.2 ಕೋಟಿಗೂ ಹೆಚ್ಚು ರಿನ್ ಮಾರಿದ್ದಕ್ಕೆ ಮಾಲೀಕನಿಗೆ 2013ರಲ್ಲಿ ಹನ್ನೆರಡೂವರೆ ವರ್ಷ ಜೈಲಾಯಿತು. ಅಂದಿನಿಂದ ಕೊಳ್ಳುವವರು ಸ್ವತಂತ್ರ ಲೆಕ್ಕಪರಿಶೋಧನೆಯ ಕ್ಯೂಎಪಿ ಮುದ್ರೆ ಇಲ್ಲದ ಹೊಸಬರ ರಿನ್ ಮುಟ್ಟಲು ಹಿಂಜರಿಯುತ್ತಾರೆ. ಆ ಖರ್ಚನ್ನು ಮೊದಲ ವರ್ಷದ ಬಜೆಟ್ಟಿನಲ್ಲೇ ಇಡಿ.

ನಿಮ್ಮ ಜಾಗದಲ್ಲಿ ಕೆಲಸದ ಕ್ರಮ ಹೀಗಿರಲಿ. ಘಟಕವನ್ನು ಈಗಾಗಲೇ ಪಟ್ಟಿಯಲ್ಲಿರುವ ಬಳಸಿದ ಅಡುಗೆ ಎಣ್ಣೆ ಮತ್ತು ಪ್ರಾಣಿಕೊಬ್ಬಿನ ಮೇಲೆ ನೋಂದಾಯಿಸಿ, ರಿನ್ ಹರಿವು ಶುರುವಾಗಲಿ. ಆ ಬಳಸಿದ ಎಣ್ಣೆಯನ್ನು ಎಲ್ಲಿಂದ ಸಂಗ್ರಹಿಸಿದಿರಿ ಎಂಬ ದಾಖಲೆಯನ್ನೂ ಬಿಗಿಯಾಗಿಡಿ, 2024ರಲ್ಲಿ ಇಪಿಎ ಅದರ ಪೂರೈಕೆ ಸರಪಳಿಗಳ ತಪಾಸಣೆ ನಡೆಸುತ್ತಿರುವುದಾಗಿ ಹೇಳಿದೆ. ಅದೇ ಘಟಕದ ನಿಜವಾದ ಮೀಟರ್ ಅಂಕಿಗಳಿಂದ ಫ್ಲಾರಿಡಾದ ಹೊಂಗೆಯ ಅರ್ಜಿ ಸಿದ್ಧಪಡಿಸಿ. ವಿನ್ಯಾಸದ ಕಾಗದದ ಅಂಕಿಗಿಂತ ಅವಕ್ಕೆ ತೂಕ ಹೆಚ್ಚು. ಹೊಂಗೆ ಎಣ್ಣೆ ಪ್ರಯೋಗಕ್ಕೆ ಬಂದಾಗ ಅದಕ್ಕೆ ಪ್ರತ್ಯೇಕ ಟ್ಯಾಂಕ್, ಪ್ರತ್ಯೇಕ ಮೀಟರ್ ಇರಲಿ. ಒಪ್ಪಿಗೆಗೆ ಮೊದಲು ಅದು ತ್ಯಾಜ್ಯ ಎಣ್ಣೆಯ ಟ್ಯಾಂಕಿಗೆ ಬೆರೆತರೆ ಆ ಬ್ಯಾಚಿನಲ್ಲಿ ಹೊಂಗೆಯ ಪಾಲೆಷ್ಟು ಎಂದು ತೋರಿಸಲಾಗದೆ ಇಡೀ ಬ್ಯಾಚಿನ ರಿನ್ ಪ್ರಶ್ನೆಗೊಳಗಾಗುತ್ತದೆ. ಪ್ರಯೋಗಕ್ಕೆ ಮುಂಚೆ ಎಣ್ಣೆಯ ರಂಜಕ, ಲೋಹ ಮತ್ತು ಮುಕ್ತ ಕೊಬ್ಬಿನಾಮ್ಲದ ಪರೀಕ್ಷೆ ಮಾಡಿಸಿ. ಅಂಟು ತೆಗೆಯದ ಹೊಂಗೆ ಎಣ್ಣೆಯ ರಂಜಕ ಕೆಟಲಿಸ್ಟಿನ ಮೇಲಿನ ಪದರವನ್ನು ಕಟ್ಟಿಸುತ್ತದೆ, ರಿಯಾಕ್ಟರಿನ ಒತ್ತಡದ ಅಂತರ ಏರುತ್ತದೆ, ಅರ್ಜಿಗೆ ಬೇಕಾದ ಶಕ್ತಿಯ ಅಂಕಿಗಳೂ ಅದರ ಜೊತೆ ಕೆಡುತ್ತವೆ.